ಪುತಳಿಯ ಇಂಗ್ಲಿಷ್ ನರ್ಸರಿ

ಇಂಜಿನಿಯರ್ ಸಾಹೇಬರ ಮಗನ ಹುಟ್ಟುಹಬ್ಬದ ದಿನ ಮೋತಿಲಾಲನ ಮಗಳು ಪುತಳಿ ಕೇಕನ್ನು ಚಹಾದಲ್ಲಿ ಅದ್ದಿ ತಿಂದಳು. ಚಹಾ ಸಾಹೇಬರದಾಗಿತ್ತು. ಅವರಿನ್ನೂ ಒಂದು ಗುಟುಕೂ ಕುಡಿದಿರಲಿಲ್ಲ.

ಸಾಹೇಬರು ನಕ್ಕು ಸುಮ್ಮನಾದರು. ಮೈಸೂರು ಕಡೆಯವರಾದ ಅವರ ಹೆಂಡತಿ ಸುಮ್ಮನಾಗಲಿಲ್ಲ. "ನಮ್ಮ ಹುಡುಗನ್ನ ಬೆಟ್ಟದ ಮೇಲಿನ ಬೋರ್ಡಿಂಗ್ ಸ್ಕೂಲಿಗೆ ಹಾಕ್ತೀವಿ. ಬ್ರಿಟಿಷರು ಹೋದ್ರೂ ಅಲ್ಲಿ ಅವರ ಪದ್ಧತಿ ಹೋಗಿಲ್ಲ. ಅದಕ್ಕೇ ಈಗ ದಾಂಡೇಲಿಯ ಜುಲಿಯಾನಾ ಮ್ಯಾಡಮ್ ನರ್ಸರೀಲಿ ತಯಾರು ಮಾಡಿಸ್ತಿದೀವಿ. ನಿಮ್ಮ ಹುಡುಗೀನೂ ಅಲ್ಲಿಗೇ ಹಾಕಿ. ಸ್ವಲ್ಪ ತಿದ್ದಿಕೊಳ್ತಾಳೆ" ಎಂದರು.

ಆ ಮಾತು ಮೋತಿಲಾಲನ ಎದೆಗೆ ನಾಟಿತು. ಮುಂಡಗೋಡದ ತಾಂಡಾದಿಂದ ಬಂದು ಅಂಬಿಕಾನಗರದ ಪವರ್‌ಹೌಸಿನಲ್ಲಿ ಮಧ್ಯಾಹ್ನದ ಪಾಳಿ ಮಾಡುತ್ತಿದ್ದ ಅವನಿಗೆ ಇಂಗ್ಲಿಷಿನದೊಂದು ಹಳೆಯ ಗಾಯವಿತ್ತು. ಪರದೇಶದ ಇಂಜಿನಿಯರೊಬ್ಬ ಬಂದಾಗ ಇವನ ಕೈ ಕುಲುಕಿ "ಹೌ ಆರ್ ಯೂ?" ಎಂದಿದ್ದ. ಮೀಟರಿನ ವಿಷಯ ಕೇಳುತ್ತಿದ್ದಾನೆಂದುಕೊಂಡು ಇವನು ಎದೆಯುಬ್ಬಿಸಿ "ಟೂ ಟ್ವೆಂಟಿ, ಸರ್!" ಎಂದುಬಿಟ್ಟಿದ್ದ. ಅಂದಿನಿಂದ ಕಾಲೊನಿಯ ಬಾಯಲ್ಲಿ ಅವನು ಟೂ ಟ್ವೆಂಟಿ ಮೋತಿಲಾಲ.

"ಇಲ್ಲೇ ಮಹಾದೇವಕ್ಕಾರ ಶಿಶುವಿಹಾರ ಐತಲ್ರಿ" ಎಂದಳು ಹೆಂಡತಿ ತುಳಸಿಬಾಯಿ. "ಚಾಪಿ ಮ್ಯಾಲ ಕುಂದರಸ್ತಾರ, ಹಾಡ ಕಲಸ್ತಾರ, ಉಪ್ಪಿಟ್ಟ ಕೊಡ್ತಾರ. ಇನ್ನೇನ ಬೇಕ್ರಿ ನಾಕ ವರ್ಷದ ಕೂಸಿಗೆ?"

"ನಾನೂ ಚಾಪಿ ಮ್ಯಾಲ ಕುಂತ ಕಲತಾಂವನ. ಏನಾತು? ಟೂ ಟ್ವೆಂಟಿ ಆತು!" ಎಂದು ಮೋತಿಲಾಲ ಗುಡುಗಿದ. ಪಕ್ಕದ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಮಹಾದೇವಕ್ಕನಿಗೆ ಒಂದಕ್ಷರವೂ ತಪ್ಪದೆ ಕೇಳಿಸಿತು.

ಮರುದಿನ ಬೆಳಕು ಹರಿಯುವಷ್ಟರಲ್ಲಿ ಸುದ್ದಿ ಕಾಲೊನಿಯ ಇಡೀ ಮನೆಸಾಲಿಗೆ ಹಬ್ಬಿತ್ತು. ಎದುರುಮನೆಯ ಗುರುಬಸವ್ವ ಹಲ್ಲುಪುಡಿಯ ಬಾಯಲ್ಲೇ ಬಂದಳು. ಅವಳ ಗಂಡ ಆಫೀಸಿನ ಹೆಡ್ ಕ್ಲಾರ್ಕು.

"ಅಲ್ಲೆ ಮಕ್ಕಳ ಪರೀಕ್ಷಾ ಕಡಿಮಿ, ಅಪ್ಪಂದ ಜಾಸ್ತಿ ಅಂತ, ಮೋತಿಲಾಲಣ್ಣಾರ. ಈ ಬುಶ್‌ಶರ್ಟಿನ್ಯಾಗ ಹೋದ್ರ ಗೇಟಿನ್ಯಾಗ ನಿಂದರಸ್ತಾರ. ನಮ್ಮವರ ಲಗ್ನದ ಕೋಟ ಕೊಡ್ತೇನಿ, ಹಾಕ್ಕೋರಿ. ಇಂಗ್ಲಿಷೂ ಅವರ ಹೇಳಿ ಕೊಡ್ತಾರ." ಆಮೇಲೆ ತುಳಸಿಬಾಯಿಯ ಕನ್ನಡಿ ಹೊಲಿದ ಲಂಗ, ಬಳೆ ತುಂಬಿದ ಕೈಗಳ ಮೇಲೆ ಕಣ್ಣಾಡಿಸಿ ದನಿ ತಗ್ಗಿಸಿದಳು. "ಇವರನ್ನ ಮಾತ್ರ ಒಳಗ ಕರಕೊಂಡ ಹೋಗಬ್ಯಾಡ್ರಿ."

ತಗ್ಗಿಸಿದ ದನಿ ಮೂರು ಮನೆಗೆ ಕೇಳಿಸಿತು, ತುಳಸಿಬಾಯಿಗೂ. ಆದರೂ ಅವ್ವನಿಲ್ಲದೆ ಮಗಳು ಬಸ್ಸು ಹತ್ತುವುದಿಲ್ಲವೆಂದು ದಾಂಡೇಲಿಗೆ ಹೋಗುವ ದಿನ ಅವಳೂ ಹೊರಟಳು.

ಹೆಡ್ ಕ್ಲಾರ್ಕನ ಕೋಟಿನೊಳಗೆ ಮೋತಿಲಾಲ ದೊಡ್ಡ ಚೀಲದೊಳಗಿನ ಸಣ್ಣ ಬದನೆಕಾಯಿಯಂತೆ ಕಾಣುತ್ತಿದ್ದ. ಮಾರ್ಚ್ ತಿಂಗಳ ಧಗೆ. ಬಸ್ಸು ಘಟ್ಟದ ತಿರುವುಗಳಲ್ಲಿ ಹೊರಳುತ್ತಿದ್ದಾಗ ಪುತಳಿಯ ಮುಖ ಸಪ್ಪಗಾಯಿತು. ಮೋತಿಲಾಲ ಅವಳನ್ನು ಕಿಟಕಿಯತ್ತ ತಿರುಗಿಸುವಷ್ಟರಲ್ಲಿ ಅವಳು ಬೆಳಗಿನ ಚುರುಮುರಿಯನ್ನೆಲ್ಲ ಕೋಟಿನ ಎಡಜೇಬಿನೊಳಗೆ ಕಾರಿಕೊಂಡಳು. ಹೊರಗೆ ಒಂದು ಹನಿ ಬೀಳಲಿಲ್ಲ.

"ಎಷ್ಟ ಶಾಣ್ಯಾ ಕೂಸರಿ!" ಎಂದ ಕಂಡಕ್ಟರ್.

ನರ್ಸರಿಯ ಅಂಗಳದಲ್ಲಿ ಒಂದು ಹುಣಸೆಮರ. ತುಳಸಿಬಾಯಿಯನ್ನು ಅದರ ಬುಡದಲ್ಲಿ ಕೂರಿಸಿ, "ನಾ ಕರಿಯೂ ತನಕಾ ಏಳಬ್ಯಾಡ" ಎಂದು ಮೋತಿಲಾಲ ಮಗಳೊಂದಿಗೆ ಒಳಗೆ ಹೋದ.

ಜುಲಿಯಾನಾ ಮ್ಯಾಡಮ್ ಮುಂಬಯಿಯಲ್ಲಿ ಇಂಗ್ಲಿಷರ ಮಕ್ಕಳಿಗೆ ಪಾಠ ಹೇಳಿದವರು. ಇಸ್ತ್ರಿ ಮಾಡಿಟ್ಟ ಕರವಸ್ತ್ರದಂತೆ ನೆಟ್ಟಗೆ ಕುಳಿತಿದ್ದರು. "ವೈ ಡು ಯೂ ವಾಂಟ್ ಅವರ್ ನರ್ಸರಿ?" ಎಂದು ಕೇಳಿದರು.

ಹೆಡ್ ಕ್ಲಾರ್ಕು ಜೀವಮಾನದಲ್ಲಿ ಬರೆದ ಇಂಗ್ಲಿಷೆಂದರೆ ರಜೆಯ ಅರ್ಜಿ ಒಂದೇ. ಕಲಿಸಿದ್ದೂ ಅದನ್ನೇ. ಮೋತಿಲಾಲ ಎದ್ದು ನಿಂತು ಕಣ್ಣು ಮುಚ್ಚಿ ಒಂದೇ ಉಸುರಿಗೆ ಒಪ್ಪಿಸಿದ: "ರೆಸ್ಪೆಕ್ಟೆಡ್ ಮ್ಯಾಡಮ್, ಐ ಬೆಗ್ ಟು ಸ್ಟೇಟ್ ದ್ಯಾಟ್ ಮೈ ಡಾಟರ್ ಈಸ್ ಸಫರಿಂಗ್ ಫ್ರಮ್ ನರ್ಸರಿ. ಕೈಂಡ್ಲಿ ಗ್ರಾಂಟ್ ಮಿ ಲೀವ್."

"ಈಗಷ್ಟೇ ಬಂದೀರಿ, ಆಗಲೇ ರಜಾ ಯಾಕ್ರಿ?" ಎಂದು ಮ್ಯಾಡಮ್ ಕನ್ನಡಕ್ಕಿಳಿದರು. ಮೂಗು ಅರಳಿಸಿ ಕೋಟಿನ ಎಡಜೇಬಿನತ್ತ ನೋಡಿ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದರು. "ಇರ್ಲಿ. ಮನಿಯೊಳಗ ತಿನ್ನೂ ರೀತಿ ನೋಡೂಣು."

ತಟ್ಟೆಯಲ್ಲಿ ಒಂದು ಬಾಳೆಹಣ್ಣು ಬಂತು, ಜೊತೆಗೆ ಚಾಕು ಮತ್ತು ಮುಳ್ಳುಚಮಚ. ಮೋತಿಲಾಲ ಸಿಪ್ಪೆಯ ಸಮೇತ ಹಣ್ಣಿಗೆ ಮುಳ್ಳು ಚುಚ್ಚಿ ಚಾಕು ಒತ್ತಿದ. ಅರ್ಧ ಹಣ್ಣು ತಟ್ಟೆ ಬಿಟ್ಟು ಹಾರಿತು. ಪುತಳಿ ಅದನ್ನು ಗಾಳಿಯಲ್ಲೇ ಹಿಡಿದು ಸುಲಿದು ಬಾಯಿಗೆ ಹಾಕಿಕೊಂಡಳು.

ಮ್ಯಾಡಮ್ ಬಾಯಿ ತೆರೆಯುವಷ್ಟರಲ್ಲಿ ಆಟದ ಗಂಟೆ ಹೊಡೆಯಿತು.

ಒಡ್ಡು ಒಡೆದ ಹಾಗೆ ಮಕ್ಕಳು ಅಂಗಳಕ್ಕೆ ನುಗ್ಗಿದರು. ಒಬ್ಬ ನೀರಿನ ಡ್ರಮ್ಮಿಗಿಳಿದ. ಇನ್ನೊಬ್ಬಳು ಗೇಟು ಹತ್ತಿದಳು. ಇಂಜಿನಿಯರ್ ಸಾಹೇಬರ ಮಗ ಮಣ್ಣು ಕಲೆಸಿ ಗೆಳೆಯನಿಗೆ ತಿನ್ನಿಸುತ್ತಿದ್ದ. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆಯಾ ಹಿಂದಿನ ದಿನವಷ್ಟೇ ಕೈಮುಗಿದು ಕೆಲಸ ಬಿಟ್ಟಿದ್ದಳು. ಮ್ಯಾಡಮ್ ಮೆಟ್ಟಿಲ ಮೇಲೆ ನಿಂತು "ಸೈಲೆನ್ಸ್! ಸೈಲೆನ್ಸ್ ಪ್ಲೀಸ್!" ಎಂದದ್ದು ಅವರಿಗೇ ಕೇಳಿಸಲಿಲ್ಲ.

ಆಗ ಹುಣಸೆಮರದ ಬುಡದಲ್ಲಿ ತುಳಸಿಬಾಯಿ ಎದ್ದು ನಿಂತಳು.

"ಹೋ… ಯ್!"

ಅದು ತಾಂಡಾದಲ್ಲಿ ಗೋವಿನಜೋಳದ ಹೊಲಕ್ಕೆ ನುಗ್ಗಿದ ಎತ್ತುಗಳನ್ನು ಆಚೆ ದಿನ್ನೆಯಿಂದ ತಿರುಗಿಸುವ ಕೂಗು. ಅಂಗಳ ಗಪ್ಪಾಯಿತು. ಮಾಡಿನ ಮೇಲಿನ ಮುಸ್ಯಾ ಮಂಗ ಕೈಯಲ್ಲಿದ್ದ ಚಿಗುರು ಬಿಟ್ಟಿತು. ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನೊಬ್ಬ ಇಳಿದು ನಿಂತ.

ಮಕ್ಕಳು ಮೆಲ್ಲನೆ ಅವಳ ಸುತ್ತ ನೆರೆದರು. ಲಂಗದ ಕನ್ನಡಿಗಳಲ್ಲಿ ಒಂದೊಂದು ಮುಖ ಕಾಣಿಸಿತು. "ಸಾಲ ಹಚ್ಚಿ ನಿಂದರ್ರಿ, ಎಲ್ಲಾರಿಗೂ ತೋರಸ್ತೇನಿ. ಮಾರಿ ತೊಳಕೊಂಡವರಿಗೆ ಮೊದಲು" ಎಂದಳು ತುಳಸಿಬಾಯಿ. ನಲ್ಲಿಯಿಂದ ಮರದವರೆಗೆ ಸಾಲು ಹತ್ತಿತು. ನೂಕಾಟವೂ ಇಲ್ಲ, ಸಿಂಬಳವೂ ಇಲ್ಲ.

ಜುಲಿಯಾನಾ ಮ್ಯಾಡಮ್ ಮೆಟ್ಟಿಲಿಳಿದು ಓಡಿ ಬಂದು ಅವಳ ಎರಡೂ ಕೈ ಹಿಡಿದುಕೊಂಡರು. "ನಾಳಿಂದ ಬರ್ತೀಯೇನವಾ? ಪಗಾರ ಕೊಡ್ತೀನಿ, ಊಟಾ ಕೊಡ್ತೀನಿ."

"ಬರ್ತೇನ್ರಿ ಬಾಯಾರ" ಎಂದಳು ತುಳಸಿಬಾಯಿ, ಗಂಡನ ಕಡೆ ನೋಡದೆ.

ಕೈಯಲ್ಲಿನ್ನೂ ಮುಳ್ಳುಚಮಚ ಹಿಡಿದಿದ್ದ ಮೋತಿಲಾಲನ ಮುಖ ಅರಳಿತು. ಹೆಂಡತಿಗೆ ಕೆಲಸ ಸಿಕ್ಕ ಮೇಲೆ ಮಗಳ ಸೀಟು ಇನ್ನೆಲ್ಲಿಗೆ ಹೋದೀತು? "ಹಂಗಾರ ಪುತಳೀನೂ ನಾಳಿಂದನ ಬರ್ತಾಳ್ರಿ ಮ್ಯಾಡಮ್!"

"ಛೆ ಛೆ! ಅವ್ವ ಇದ್ದಲ್ಲಿ ಮಗಳ ಇರಬಾರ್ದು. ಕೂಸು ಸೆರಗ ಬಿಡೂದಿಲ್ಲ. ಇದು ಬ್ರಿಟಿಷ್ ಪದ್ಧತಿಯ ಮೊದಲನೇ ನಿಯಮ" ಎಂದರು ಮ್ಯಾಡಮ್. "ನಿಮ್ಮ ಹುಡುಗೀಗೆ ಬ್ಯಾರೆ ಎಲ್ಲ್ಯಾರ ನೋಡ್ರಿ."

ಮೋತಿಲಾಲ ಹೆಂಡತಿಯನ್ನು ಮರದ ಮರೆಗೆ ಕರೆದ. "ಒಲ್ಲೆ ಅಂತ ಹೇಳ."

"ನೀವ ಕುಂದರಸಿದ ಗಿಡದ ಬುಡಕ್ಕ ಕೆಲಸ ತಾನಾಗೇ ಬಂತ್ರಿ. ಒಲ್ಲೆ ಅಂತ ಹೆಂಗ ಅನ್ಲಿ?"

ಬಸ್ಸಿನ ದಾರಿಯುದ್ದಕ್ಕೂ ಅವಳು, ಹೊರಡುವಾಗ ಮ್ಯಾಡಮ್ ಹೇಳಿಕೊಟ್ಟ ಇಂಗ್ಲಿಷನ್ನು ಬಾಯಿಪಾಠ ಮಾಡಿದಳು. "ಲೈನ್. ಸೈಲೆನ್ಸ್. ಹ್ಯಾಂಡ್ಸ್."

ಮಧ್ಯಾಹ್ನದ ಪಾಳಿಗೆ ಹೋಗುವ ಮೊದಲು ಮೋತಿಲಾಲ ಕೋಟು ತೊಳೆದು ಒಣಹಾಕಿ, ತಲೆ ತಗ್ಗಿಸಿಕೊಂಡು ಶಿಶುವಿಹಾರದ ಬಾಗಿಲಿಗೆ ಹೋದ. ಮಹಾದೇವಕ್ಕ ತುಂಬ ಆದರದಿಂದ ಬರಮಾಡಿಕೊಂಡಳು.

"ಕಳಿಸ್ರಿ, ಕಳಿಸ್ರಿ. ಆದ್ರ ಹೊಸಾ ಕೂಸು ಅಳೂದು ಬಿಡೂ ತನಕಾ ಮನಿಯವರು ಒಬ್ರು ಜೋಡಿ ಕುಂದರಬೇಕ್ರಿ. ತುಳಸಿಬಾಯಿ ಅಂತೂ ನಾಳಿಂದ ದಾಂಡೇಲಿಗೆ. ಮುಂಜಾನೆ ನೀವ ಮನ್ಯಾಗ ಮಲಗಿರ್ತೀರಿ, ನೀವ ಬರ್ರಿ. ನಿಮಗೂ ಒಂದ ಚಾಪಿ ಹಾಕ್ತೇನಿ."

ಕಿಟಕಿಯಿಂದ ಗುರುಬಸವ್ವ ನಕ್ಕದ್ದು ಇಡೀ ಸಾಲಿಗೆ ಕೇಳಿಸಿತು.

ಪಾಳಿ ಮುಗಿಸಿ ದಣಿದು ಬಂದ ಮೋತಿಲಾಲ ತಟ್ಟೆಯ ಮುಂದೆ ಕುಳಿತ. ರೊಟ್ಟಿಗೆ ಇನ್ನೇನು ಕೈ ಹಚ್ಚಬೇಕು.

"ಹ್ಯಾಂಡ್ಸ್!" ಎಂದಳು ತುಳಸಿಬಾಯಿ.

ಮೋತಿಲಾಲ ಗಾಬರಿಯಾಗಿ ಎರಡೂ ಕೈ ಮುಂದೆ ಚಾಚಿದ. ಅವಳು ದೀಪದ ಬೆಳಕಿಗೆ ತಂದು, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಉಗುರಿನ್ಯಾಗ ಎಣ್ಣಿ ಐತಿ. ಹೋಗ್ರಿ, ಇನ್ನೊಮ್ಮೆ ತೊಳಕೊಂಡ ಬರ್ರಿ."

ಟೂ ಟ್ವೆಂಟಿ ಮೋತಿಲಾಲ ಬಾಯಿ ತೆರೆದ. ಅವಳು ತುಟಿಯ ಮೇಲೆ ಬೆರಳಿಟ್ಟು "ಸೈಲೆನ್ಸ್" ಎಂದಳು. ಅವನು ಎದ್ದು ಬಚ್ಚಲಿಗೆ ನಡೆದ.