ಎರಡು ಡಬ್ಬಿ, ವಯಾ ಹಾಸನ

ಹೊಸ ವಿಷಯವೊಂದು ತಿಳಿದರೆ ಅದನ್ನು ಇನ್ನೊಬ್ಬರ ತಲೆಗೆ ತುಂಬುವವರೆಗೆ ನನಗೆ ಊಟ ಸೇರುವುದಿಲ್ಲ. ಹಾಸನದ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತನಾದ ನನಗೆ ಪಾಠ ಮಾಡುವ ಭಾಗ್ಯ ಸಿಗಲಿಲ್ಲ. ಆ ಕೊರತೆಯನ್ನು ಕ್ಷೌರದಂಗಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಕೈಗೆ ಸಿಕ್ಕವರ ಮೇಲೆ ತೀರಿಸಿಕೊಳ್ಳುತ್ತೇನೆ. ಹೆಂಡತಿ ಬಹಳ ಹಿಂದೆಯೇ ಕೇಳುವುದನ್ನು ಬಿಟ್ಟಿದ್ದಾಳೆ. ಹೋದ ವರ್ಷ ಈ ಚಟ ನನ್ನ ಅಕ್ಕತಂಗಿಯರನ್ನು ಶಾಶ್ವತವಾಗಿ ಬೇರೆ ಮಾಡುವುದರಲ್ಲಿತ್ತು.

ಅಮ್ಮನನ್ನು ವಿಮಾನದಲ್ಲಿ ಕಾಶಿಗೆ ಕರೆದುಕೊಂಡು ಹೋಗಿದ್ದೆ. ಬೆಂಗಳೂರಿನಲ್ಲಿ ಹತ್ತಿ, ಹೈದರಾಬಾದಿನಲ್ಲಿ ಇಳಿದು ಇನ್ನೊಂದು ವಿಮಾನ ಹಿಡಿಯಬೇಕಿತ್ತು. "ಕಾಶಿಗೆ ಹೋಗೋರನ್ನ ಇಲ್ಯಾಕೋ ಇಳಿಸ್ತಾರೆ?" ಅಂದಳು ಅಮ್ಮ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಹಿಂದೆ ಯಾವುದೋ ವಿಮಾನ ಕಂಪನಿಯಲ್ಲಿದ್ದವರಂತೆ. ಅವರು ಬಿಡಿಸಿ ಹೇಳಿದರು. ಎಲ್ಲ ಊರಿನಿಂದ ಎಲ್ಲ ಊರಿಗೂ ನೇರ ವಿಮಾನ ಬಿಟ್ಟರೆ ಅರ್ಧಕ್ಕರ್ಧ ಸೀಟು ಖಾಲಿ ಹೋಗುತ್ತವೆ. ಅದಕ್ಕೇ ಕಂಪನಿಯವರು ಒಂದು ಊರನ್ನು ಹಬ್ ಅಂತ ಆರಿಸಿಕೊಳ್ಳುತ್ತಾರೆ. ಆ ಊರು ನಾಲ್ಕೂ ಕಡೆಗೆ ಅನುಕೂಲವಾಗುವಂತೆ ನಡುವೆ ಇರಬೇಕು, ಅಲ್ಲಿಯ ಜನವೂ ಸಾಕಷ್ಟು ಓಡಾಡಬೇಕು, ವಿಮಾನ ನಿಲ್ಲಿಸಲು ಜಾಗ ಧಾರಾಳವಾಗಿರಬೇಕು. ಸುತ್ತಲಿನ ವಿಮಾನಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಅಲ್ಲಿ ಬಂದಿಳಿಯುತ್ತವೆ. ಜನ, ಪೆಟ್ಟಿಗೆ ಎಲ್ಲ ವಿಮಾನ ಬದಲಿಸಿಕೊಂಡು ಸ್ವಲ್ಪ ಹೊತ್ತಿನಲ್ಲೇ ಮತ್ತೆ ದಿಕ್ಕುದಿಕ್ಕಿಗೆ ಹೊರಡುತ್ತವೆ. "ಅಲ್ಲೊಂದು ಎಡವಟ್ಟಾದ್ರೆ ಎಲ್ಲಾ ಊರಿಗೂ ಎಡವಟ್ಟು" ಅಂತ ನಕ್ಕರು. ಅಮ್ಮ ಸ್ವಲ್ಪ ಯೋಚಿಸಿ, "ಹಾಗಾದ್ರೆ ನಿನ್ನ ಮನೆ ಇದ್ದಂಗೆ ಬಿಡು" ಅಂದಳು.

ಅಮ್ಮ ಹೇಳಿದ್ದು ನಿಜ. ಅವಳಿರುವುದು ಹೊಳೆನರಸೀಪುರದಲ್ಲಿ, ತಮ್ಮನ ಜೊತೆ. ಅಕ್ಕ ಅರಕಲಗೂಡಿನಲ್ಲಿ, ತಂಗಿ ಸುಮ ಚನ್ನರಾಯಪಟ್ಟಣದಲ್ಲಿ. ನನ್ನ ಮನೆ ಹಾಸನದ ಬಸ್‌ಸ್ಟ್ಯಾಂಡಿನಿಂದ ಐದೇ ನಿಮಿಷದ ದಾರಿ. ಹಪ್ಪಳವೋ ಹಳೇ ಸೀರೆಯೋ, ಯಾರು ಯಾರಿಗೆ ಏನು ಕಳಿಸುವುದಿದ್ದರೂ ಕಂಡಕ್ಟರನ ಕೈಗೆ ಕೊಟ್ಟು ನನಗೊಂದು ಫೋನು ಮಾಡುತ್ತಾರೆ. ಇಳಿಸಿಕೊಂಡು ಮುಂದಿನ ಬಸ್ಸಿಗೆ ಹತ್ತಿಸುವುದು ನನ್ನ ಕೆಲಸ. ಅರಕಲಗೂಡಿನಿಂದ ಹೊಳೆನರಸೀಪುರಕ್ಕೆ ನೇರ ರಸ್ತೆಯಿದೆ ಅಂತ ನಾನು ಹೇಳಿ ನೋಡಿದ್ದೇನೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ.

ಅಕ್ಕ ಮತ್ತು ಸುಮರ ನಡುವೆಯಂತೂ ನೇರ ಸಂಪರ್ಕವೇ ಇರಲಿಲ್ಲ. ಎರಡು ವರ್ಷದ ಹಿಂದೆ ಸುಮ ತನ್ನ ಗೃಹಪ್ರವೇಶಕ್ಕೆ ಕರೆಯಲು ಅಕ್ಕನ ಮನೆಗೆ ಹೋಗದೆ, ಪತ್ರಿಕೆಯ ಫೋಟೊ ತೆಗೆದು ಮೊಬೈಲಿಗೆ ಕಳಿಸಿದ್ದಳು. "ಒಡಹುಟ್ಟಿದೋಳಿಗೆ ಕುಂಕುಮ ಇಟ್ಟು ಕರೆಯಕ್ಕೆ ಪುರುಸೊತ್ತಿಲ್ವಂತಾ?" ಅಂತ ಅಕ್ಕ ಹೋಗಲಿಲ್ಲ. "ಒಬ್ಳೇ ಒದ್ದಾಡ್ತಿದ್ದೆ, ಅಕ್ಕನಾದೋಳಿಗೆ ಅಷ್ಟು ಅರ್ಥ ಆಗಲ್ವಾ?" ಅಂತ ಸುಮ ಮಾತು ಬಿಟ್ಟಳು. ಮಾತು ನಿಂತರೂ ಡಬ್ಬಿ ನಿಲ್ಲಲಿಲ್ಲ. ಅಕ್ಕನ ಚಟ್ನಿಪುಡಿ ಸುಮಳಿಗೆ, ಸುಮಳ ಕೊಬ್ಬರಿಮಿಠಾಯಿ ಅಕ್ಕನಿಗೆ. "ನಾನು ಕಳ್ಸಿದ್ದು ಅನ್ಬೇಡ, ನಿನ್ನ ಹೆಂಡ್ತಿ ಮಾಡಿದ್ದು ಅನ್ನು" ಅಂತ ಇಬ್ಬರದೂ ಒಂದೇ ತಾಕೀತು. ನನ್ನ ಹೆಂಡತಿ ಕೊಬ್ಬರಿಮಿಠಾಯಿ ಮಾಡಿದರೆ ಪಾಯಸವಾಗುತ್ತದೆಂದು ಅಕ್ಕನಿಗೆ ಚೆನ್ನಾಗಿ ಗೊತ್ತು. ಆದರೂ ಬಾಯಿ ಬಿಡುತ್ತಿರಲಿಲ್ಲ. ಈ ಡಬ್ಬಿಗಳು ಓಡಾಡುತ್ತಿರುವವರೆಗೆ ಇವರಿಬ್ಬರೂ ಒಂದಲ್ಲ ಒಂದು ದಿನ ಸರಿಹೋಗುತ್ತಾರೆ ಎಂಬುದೇ ನನ್ನ ಧೈರ್ಯವಾಗಿತ್ತು.

ಕಾಶಿಯಿಂದ ಬಂದ ವಾರದಲ್ಲೇ, ಒಂದು ಶನಿವಾರ ಸಂಜೆ, ಎರಡೂ ಡಬ್ಬಿ ಒಂದೇ ಹೊತ್ತಿಗೆ ಬಂದವು. ಹಾಗೆ ಹಿಂದೆಂದೂ ಆಗಿರಲಿಲ್ಲ. ಅಮ್ಮ ಒಂದೇ ಅಂಗಡಿಯಲ್ಲಿ ಕೊಂಡು ಇಬ್ಬರಿಗೂ ಕೊಟ್ಟ ಜೋಡಿ ಸ್ಟೀಲ್ ಡಬ್ಬಿಗಳು. ಎರಡರ ಮೇಲೂ ಅಮ್ಮನ ಹೆಸರನ್ನೇ ಕೊರೆಸಲಾಗಿದೆ. ಮುಚ್ಚಳ ತೆಗೆದು ನೋಡಿದ್ದರೆ ಮುಗಿಯುತ್ತಿತ್ತು. ಆದರೆ ಅರಕಲಗೂಡಿನ ಬಸ್ಸಿನ ಕಂಡಕ್ಟರು ಸಿಕ್ಕಿದ್ದೇ ತಡ, ನಾನು ಹಬ್ ವಿಮಾನ ನಿಲ್ದಾಣದ ಪಾಠ ಶುರುಮಾಡಿದ್ದೆ. ಪೆಟ್ಟಿಗೆಗಳು ಒಂದಿಷ್ಟೂ ಹೆಚ್ಚುಕಡಿಮೆಯಾಗದೆ ತಮ್ಮ ತಮ್ಮ ವಿಮಾನ ಸೇರುವ ಅದ್ಭುತವನ್ನು ವರ್ಣಿಸುತ್ತಿದ್ದಾಗ ಆತ, "ಅದೆಲ್ಲ ಇರ್ಲಿ ಕಣ್ ಸಾ, ಡಬ್ಬಿ ಕೊಡಿ ಇತ್ಲಾಗೆ, ಓಗ್ಬೇಕು, ಟೈಮಾಯ್ತು" ಅಂದ. ಒಂದನ್ನು ಅವನಿಗೆ ಕೊಟ್ಟೆ, ಇನ್ನೊಂದನ್ನು ಚನ್ನರಾಯಪಟ್ಟಣದ ಬಸ್ಸಿಗೆ ಹತ್ತಿಸಿ ಮನೆಗೆ ಬಂದೆ.

ಏಳು ಗಂಟೆಗೆ ಅಕ್ಕನ ಫೋನು. "ನನ್ನ ಚಟ್ನಿಪುಡಿ ಬೇಡ ಅಂತ ಹಾಸನದಿಂದ್ಲೇ ವಾಪಸ್ ಕಳ್ಸಿದ್ಲಲ್ಲೋ. ಆಯ್ತು, ಇನ್ನು ಅವಳಿಗೂ ನನಗೂ ಮುಗೀತು." ಡಬ್ಬಿ ಅದಲುಬದಲಾದ ಸಂಗತಿ ನನಗೆ ಹೊಳೆಯುವಷ್ಟರಲ್ಲಿ ಫೋನು ಇಟ್ಟಿದ್ದಳು. ಆಮೇಲೆ ಅವಳೂ ಎತ್ತಲಿಲ್ಲ, ಸುಮಳೂ ಎತ್ತಲಿಲ್ಲ. ನನಗೆ ನಿಜಕ್ಕೂ ಅಳು ಬಂತು. ಬೆಳಗಾಗುತ್ತಲೇ ಅರಕಲಗೂಡಿಗೆ ಹೋಗಿ ತಪ್ಪೊಪ್ಪಿಕೊಳ್ಳುವುದೆಂದು ತೀರ್ಮಾನಿಸಿದೆ. ಅಂಗಿ ಹಾಕಿಕೊಳ್ಳುವ ಧೈರ್ಯ ಬರುವ ಹೊತ್ತಿಗೆ ಹನ್ನೊಂದಾಗಿತ್ತು. ಅಷ್ಟರಲ್ಲಿ ಸುಮಳ ನಂಬರಿನಿಂದ ಫೋನು ಬಂತು. ಮಾತಾಡಿದ್ದು ಅಮ್ಮ.

ಅಕ್ಕ ಬೆಳಗಿನ ಮೊದಲ ಬಸ್ಸಿಗೇ ಡಬ್ಬಿ ಹಿಡಿದು ಹೊಳೆನರಸೀಪುರಕ್ಕೆ ಹೋಗಿ, "ಮುಖಕ್ಕೆ ಮುಖ ಕೊಟ್ಟು ಕೇಳ್ತೀನಿ, ನೀನೂ ಬಾ" ಅಂತ ಅಮ್ಮನನ್ನೂ ಹೊರಡಿಸಿಕೊಂಡು ಚನ್ನರಾಯಪಟ್ಟಣಕ್ಕೆ ಹೋಗಿದ್ದಳಂತೆ. ಹಾಸನದ ಹಂಗೇ ಇಲ್ಲದ ದಾರಿ. ಬಾಗಿಲು ತೆರೆದ ಸುಮ ಅಕ್ಕನಿಗೆ ಬಾಯಿ ತೆರೆಯಲೂ ಬಿಡದೆ, "ನನ್ನ ಮಿಠಾಯಿ ಯಾಕಕ್ಕ ವಾಪಸ್ ಕಳ್ಸಿದೆ? ಅಷ್ಟು ಬೇಡ್ವಾದ್ನಾ ನಾನು?" ಅಂತ ಅತ್ತುಬಿಟ್ಟಳಂತೆ. ಎರಡು ಡಬ್ಬಿಯನ್ನೂ ಅಕ್ಕಪಕ್ಕ ಇಟ್ಟು ಮುಚ್ಚಳ ತೆಗೆದಾಗ ಅಮ್ಮನಿಗೆ ನಗು ತಡೆಯಲಾಗಲಿಲ್ಲವಂತೆ. ಆಮೇಲೆ ಸುಮ ಒಳಗಿನಿಂದ ಕುಂಕುಮದ ಭರಣಿ ತಂದು, ಹೊಸ್ತಿಲಾಚೆ ನಿಂತೇ ಇದ್ದ ಅಕ್ಕನ ಹಣೆಗಿಟ್ಟು, "ನಮ್ಮನೆ ಗೃಹಪ್ರವೇಶ ಅಕ್ಕ, ತಪ್ಪದೆ ಬರಬೇಕು" ಅಂದಳಂತೆ. ಅಕ್ಕ ಬಲಗಾಲಿಟ್ಟು ಒಳಗೆ ಹೋದಳು. ಇದನ್ನು ಕೇಳುವಾಗ ನನ್ನ ಕಣ್ಣು ತುಂಬಿತ್ತು, ಮುಚ್ಚಿಡುವುದೇಕೆ.

"ಬೇಕಂತಲೇ ಅದಲುಬದಲು ಮಾಡಿದ್ಯಲ್ವೇನೋ?" ಅಂದಳು ಅಮ್ಮ. "ಎರಡು ವರ್ಷದಿಂದ ನನ್ನ ಕೈಲಾಗದ್ದನ್ನ ಎಷ್ಟು ಸುಲಭವಾಗಿ ಮಾಡ್ಬಿಟ್ಟೆ. ಬುದ್ಧಿವಂತ ಕಣಪ್ಪ ನೀನು." ಹಿಂದಿನಿಂದ ಅಕ್ಕನೂ ಸುಮಳೂ ಒಟ್ಟಿಗೆ ನಗುವುದು ಕೇಳಿಸುತ್ತಿತ್ತು. ಎದುರಿಗೆ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ರಾತ್ರಿಯಿಡೀ ಕಲಿತಿಟ್ಟುಕೊಂಡಿದ್ದ ತಪ್ಪೊಪ್ಪಿಗೆ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹುಟ್ಟಿ ಐವತ್ತೆರಡು ವರ್ಷಕ್ಕೆ ಅಮ್ಮ ಮೊದಲ ಸಲ ನನ್ನನ್ನು ಬುದ್ಧಿವಂತ ಅಂದಿದ್ದಳು.

"ಹೂಂನಮ್ಮ," ಅಂದೆ, "ಬೇರೆ ದಾರಿ ಇರ್ಲಿಲ್ಲ."