ಚೇರ್ಮನ್ನರ ಪಾಲಿನ ಎರಡು ಹಾಳೆ

ನರಸಿಂಹಯ್ಯನಿಗೆ ಒಳ್ಳೆಯ ನಿದ್ದೆ ಬಂದದ್ದೇ ತಪ್ಪಾಯಿತು. ಒಂಬತ್ತು ವರ್ಷದಿಂದ ಕೋಳಿ ಕೂಗುವ ಮೊದಲೇ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತ ಮಲಗಿರುತ್ತಿದ್ದ ಮನುಷ್ಯ, ಆ ಬುಧವಾರ ಎಂಟೂವರೆಯಾದರೂ ಗೊರಕೆ ಹೊಡೆಯುತ್ತಿದ್ದ. ಹೆಂಡತಿ ಎರಡು ಸಲ ಮೂಗಿನ ಹತ್ತಿರ ಬೆರಳಿಟ್ಟು ನೋಡಿ, ಉಸಿರಾಡುತ್ತಿರುವುದು ಖಾತ್ರಿಯಾದ ಮೇಲೆ ಮುದ್ದೆಗೆ ಎಸರಿಟ್ಟಳು.

ಊರಿನ ಹೆಸರು ಬೇಡ. ಅಲ್ಲಿಯವರೂ ಕತೆ ಓದುತ್ತಾರೆ. ನೆಲಮಂಗಲದಿಂದ ತ್ಯಾಮಗೊಂಡ್ಲಿಗೆ ಹೋಗುವ ಬಸ್ಸು ಅಲ್ಲಿ ನಿಲ್ಲುತ್ತದೆ ಎಂದರೆ ಸಾಕು. ಎಪ್ಪತ್ತೆರಡನೇ ಇಸವಿಯ ಮಾತು. ನರಸಿಂಹಯ್ಯ ಅಲ್ಲಿನ ಪಂಚಾಯ್ತಿ ವಾಚನಾಲಯ ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ ಬಾಗಿಲು ತೆಗೆದು ಪೇಪರು ಹರಡಿ, ಮುಖ್ಯ ಸುದ್ದಿಗಳನ್ನು ಹೊರಗಿನ ಕರಿಹಲಗೆಯ ಮೇಲೆ ಬರೆಯಬೇಕು. ಸಂಜೆ ಪಂಚಾಯ್ತಿ ರೇಡಿಯೋ ಹಾಕಿ, ವಾರ್ತೆ ಮುಗಿದ ಮೇಲೆ ಆರಿಸಬೇಕು. ಈ ಕೆಲಸಕ್ಕೆ ಅವನನ್ನು ಸದ್ಯಕ್ಕೆ ಇರಲಿ ಎಂದು ತೆಗೆದುಕೊಂಡು ಒಂಬತ್ತು ವರ್ಷವಾಗಿತ್ತು. ಚೇರ್ಮನ್ ಆದಿನಾರಾಯಣಪ್ಪನವರು ಪ್ರತಿ ಯುಗಾದಿಗೂ "ಈ ಸಲ ಖಾಯಂ ಮಾಡ್ಬಿಡೋಣ ಕಣಯ್ಯಾ" ಎನ್ನುವರು, ಮುಂದಿನ ಯುಗಾದಿ ಬರುವುದು. ನಿದ್ದೆ ಕೆಟ್ಟದ್ದು ಹೀಗೆ. ಅಂತೂ ಇಂತೂ ಆ ಬುಧವಾರ ನಾಲ್ಕು ಗಂಟೆಯ ಸಭೆಗೆ ಅವನ ಖಾಯಂ ವಿಷಯ ಬರುವುದೆಂದು ಗೊತ್ತಾಗಿತ್ತು.

ಹಿಂದಿನ ತಿಂಗಳು ಬೆಂಗಳೂರಿನ ಕಾಲೇಜೊಂದರಿಂದ ಮನಶ್ಶಾಸ್ತ್ರದ ಮೇಷ್ಟರೊಬ್ಬರು ಬಂದಿದ್ದರು. ನಿದ್ದೆ ಬಾರದವರ ಮೇಲೆ ಸಂಶೋಧನೆ ನಡೆಸುತ್ತಿದ್ದರಂತೆ. ಮನಸ್ಸಿನಲ್ಲಿ ಕುದಿಯುವುದನ್ನು ಬಚ್ಚಿಟ್ಟರೆ ಅದು ಎದೆಯ ಮೇಲೆ ಕೂರುತ್ತದೆ, ಹಾಳೆಗಿಳಿಸಿದರೆ ಹಾಳೆಯಲ್ಲೇ ಉಳಿಯುತ್ತದೆ ಎಂಬುದು ಅವರ ಹೊಸ ಸಿದ್ಧಾಂತ. ನರಸಿಂಹಯ್ಯನ ಕಣ್ಣ ಕೆಳಗಿನ ಕಪ್ಪು ನೋಡಿ ಸಂತೋಷಪಟ್ಟು, ಅವನ ಕೈಗೊಂದು ದಪ್ಪ ಹಾಳೆಯ ನೋಟ್‌ಬುಕ್ಕು ಕೊಟ್ಟರು. "ದಿನಾ ಹದಿನೈದು ನಿಮಿಷ, ಯಾರ ಮೇಲೆ ಸಿಟ್ಟಿದೆಯೋ ಅವರ ಬಗ್ಗೆ ಬರೀರಿ. ದಾಕ್ಷಿಣ್ಯ ಬೇಡ. ಯಾರಿಗೂ ತೋರಿಸಬೇಡಿ, ನನಗೂ ಬೇಡ. ಎಷ್ಟು ಗಂಟೆ ನಿದ್ದೆ ಬಂತು ಅಂತ ಒಂದು ಕಾರ್ಡು ಹಾಕಿದ್ರೆ ಸಾಕು" ಎಂದು ಹೇಳಿ ಬಸ್ಸು ಹತ್ತಿದರು.

ನರಸಿಂಹಯ್ಯ ಕೊಟ್ಟ ಕೆಲಸವನ್ನು ಶ್ರದ್ಧೆಯಿಂದ ಮಾಡುವವನು. ಒಬ್ಬೊಬ್ಬರಿಗೆ ಒಂದೊಂದು ಹಾಳೆಯಂತೆ ಹದಿನೇಳು ಜನರನ್ನು ಬರೆದು ಮುಗಿಸಿದ. ಹದಿನೆಂಟನೆಯವರಾದ ಚೇರ್ಮನ್ನರು ಮಾತ್ರ ಒಂದು ಹಾಳೆಯಲ್ಲಿ ಹಿಡಿಯಲಿಲ್ಲ. ಅವರಿಗೆ ಬುಕ್ಕಿನ ನಟ್ಟನಡುವಿನ ಜೋಡಿ ಹಾಳೆಯೇ ಬೇಕಾಯಿತು. ಮಂಗಳವಾರ ಅವರನ್ನು ಬರೆದು ಮುಗಿಸಿದ ರಾತ್ರಿಯೇ ಅವನಿಗೆ ನಿಜವಾದ ನಿದ್ದೆ ಹತ್ತಿದ್ದು. ಮನೆಯಲ್ಲಿಟ್ಟರೆ ಹೆಂಡತಿ ಒಲೆ ಹೊತ್ತಿಸುವುದಕ್ಕೆ ಎತ್ತಿಕೊಳ್ಳುವಳೆಂದು ಬುಕ್ಕನ್ನು ವಾಚನಾಲಯದ ಹಳೇ ಪೇಪರಿನ ಕಟ್ಟಿನೊಳಗೆ ಸೇರಿಸಿಟ್ಟಿದ್ದ.

ಒಂಬತ್ತೂವರೆಗೆ ಓಡೋಡಿ ಬಂದು ನೋಡಿದರೆ ವಾಚನಾಲಯ ಥಳಥಳ ಹೊಳೆಯುತ್ತಿತ್ತು. ಜವಾನ ಸೊಣ್ಣಪ್ಪ ಹೊಸಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಏನ್ ಸ್ವಾಮಿ, ಇಷ್ಟೊತ್ತು? ಮೀಟಿಂಗ್ ದಿನ ಅಂತ ನಾನೇ ಎಲ್ಲಾ ಒಪ್ಪ ಮಾಡ್ಬಿಟ್ಟೆ. ಆ ಹಳೇ ಪೇಪರ್ ಕಟ್ಟನ್ನೂ ಕೊಂಡಪ್ಪನ ಅಂಗ್ಡಿಗೆ ಹಾಕ್ಬಂದೆ."

ನರಸಿಂಹಯ್ಯ ಬಂದ ಕಾಲಲ್ಲೇ ಕೊಂಡಪ್ಪನ ಅಂಗಡಿಗೆ ಓಡಿದ. ಕಿರಾಣಿ ಕೊಂಡಪ್ಪ ಅಂಕಿ ಬಿಟ್ಟರೆ ಅಕ್ಷರ ಓದಿದವನಲ್ಲ. ಗಿರಾಕಿಯೊಬ್ಬರಿಗೆ ಮೆಣಸು ಕಟ್ಟುತ್ತ ಮುಖ ಅರಳಿಸಿದ.

"ಬನ್ನಿ ಸ್ವಾಮಿ. ನಿಮ್ಮ ಪೇಪರ್ ಮಧ್ಯ ಒಂದು ಬುಕ್ಕಿತ್ತು ನೋಡಿ, ಏನ್ ಹಾಳೆ ಅದು! ಎಳುದ್ರೂ ಹರಿಯಲ್ಲ. ಬೆಳಿಗ್ಗೆಯಿಂದ ಪೊಟ್ಟಣಕ್ಕೆಲ್ಲಾ ಅದೇ."

"ಮಿಕ್ಕಿದ್ದು ಕೊಡಪ್ಪಾ, ಅದು ನಂದು."

"ಧಾರಾಳ. ಏನ್ ಕಟ್ಲಿ ಅದ್ರಲ್ಲಿ?"

"ಏನೂ ಬೇಡ, ಬರೀ ಹಾಳೆ ಕೊಡು."

"ಛೆ ಛೆ, ಅಂಗ್ಡಿಯಿಂದ ಬರೀ ಕಾಗ್ದ ಆಚೆ ಹೋಗ್ಬಾರ್ದು ಸ್ವಾಮಿ. ಒಳ್ಳೇದಲ್ಲ."

ವಾದಕ್ಕೆ ಸಮಯವಿರಲಿಲ್ಲ. ಉಳಿದಿದ್ದ ಐದು ಹಾಳೆಗಳಲ್ಲಿ ಎದುರಿಗಿದ್ದ ಸಾಸಿವೆಯನ್ನೇ ಕಟ್ಟಿಸಿಕೊಂಡು, ಅಂಗಿಯ ಎರಡು ಕಡೆ ಜೇಬಿಗೂ ಎದೆಯ ಜೇಬಿಗೂ ತುರುಕಿದ. ಕಟ್ಟುವಾಗಲೇ ಕಣ್ಣಾಡಿಸಿದ್ದ, ಚೇರ್ಮನ್ನರ ಹಾಳೆ ಅದರಲ್ಲಿರಲಿಲ್ಲ.

"ಕೊಂಡಪ್ಪಾ, ಬುಕ್ಕಿನ ನಡುವೆ ಒಂದು ಜೋಡಿ ಹಾಳೆ ಇತ್ತಲ್ಲ?"

"ಅದಾ? ಚೇರ್ಮನ್ನರ ಮನೆಗೆ ಹೋಯ್ತು. ಸಂಜೆ ಮೀಟಿಂಗ್ ಕಾಫಿಗೆ ಅಂತ ಕಾಲು ಕೇಜಿ ಪುಡಿ ತರಿಸ್ಕೊಂಡ್ರು. ದೊಡ್ಡ ಪೊಟ್ಟಣ, ಜೋಡಿ ಹಾಳೇನೇ ಬೇಕಾಯ್ತು."

ಆ ಹಾಳೆಗಳಲ್ಲಿ ಏನಿತ್ತೆಂದು ಓದುಗರಿಗೆ ಹೇಳಿಬಿಡುವುದು ಒಳ್ಳೆಯದು. 'ಚೇರ್ಮನ್ನರು ಎರಡೇ ಮಾತು ಎಂದು ಶುರು ಮಾಡಿದರೆ ರೇಡಿಯೋದ ಬ್ಯಾಟರಿ ಮುಗಿಯುತ್ತದೆ, ಅವರ ಮಾತು ಮುಗಿಯುವುದಿಲ್ಲ. ಅವರ ಮೀಸೆ ಅವರಿಗಿಂತ ಮೂವತ್ತು ವರ್ಷ ಚಿಕ್ಕದು. ಅವರು ಆ ಕುರ್ಚಿಯ ಮೇಲೆ ಕೂತಿರುವುದರಲ್ಲಿ ಕುರ್ಚಿಯ ತಪ್ಪೇನೂ ಇಲ್ಲ.' ಇದು ಬರೀ ಶುರು. ಬರೆದವರ ಹೆಸರು ಎಲ್ಲೂ ಇರಲಿಲ್ಲ, ನಿಜ. ಆದರೆ ಒಂಬತ್ತು ವರ್ಷದಿಂದ ಕರಿಹಲಗೆಯ ಮೇಲೆ ಸುದ್ದಿ ಓದಿದ ಊರಿಗೆ ಆ ಗುಂಡಗಿನ ಅಕ್ಷರ ಯಾರದೆಂದು ಹೇಳಿಕೊಡಬೇಕಾಗಿರಲಿಲ್ಲ.

ಚೇರ್ಮನ್ನರ ಮನೆಯ ಕಡೆ ಹೆಜ್ಜೆ ಹಾಕಿದವನನ್ನು ಅರಳಿಕಟ್ಟೆಯ ಹತ್ತಿರ ಮಾರಕ್ಕ ಅಡ್ಡಗಟ್ಟಿದಳು. ಮಾರಕ್ಕ ಅವನ ಪಕ್ಕದ ಮನೆಯವಳು, ಪಂಚಾಯ್ತಿ ಮೆಂಬರೂ ಹೌದು. ಒಂದು ಕೈಯಲ್ಲಿ ಜೀರಿಗೆ, ಇನ್ನೊಂದರಲ್ಲಿ ಜೀರಿಗೆ ಕಟ್ಟಿದ ಹಾಳೆ.

"ಏನಯ್ಯಾ ನರಸಿಂಹಯ್ಯ, ಏನಿದು? 'ಮಾರಕ್ಕ ಒಂದು ಲೋಟ ಸಕ್ಕರೆ ಕೇಳಲು ಬಂದು ಒಂದೂವರೆ ಗಂಟೆ ಕೂರುತ್ತಾರೆ. ಹೋಗುವಾಗ ಸಕ್ಕರೆ ಮರೆತು ಹೋಗುತ್ತಾರೆ. ಅದನ್ನು ಒಯ್ಯಲು ಮತ್ತೆ ಬಂದು ಮತ್ತೆ ಒಂದೂವರೆ ಗಂಟೆ ಕೂರುತ್ತಾರೆ.' ಯಾವತ್ತಯ್ಯಾ ಕೂತಿದ್ದೆ ನಾನು?"

"ಮಾರಕ್ಕ, ಅದು ಔಷಧಿ ತರ. ನಿದ್ದೆಗೆ ಅಂತ..."

"ನನ್ನ ಬೈದ್ರೆ ನಿಂಗೆ ನಿದ್ದೆ ಬತ್ತದಾ? ಇವತ್ತು ಮೀಟಿಂಗ್ನಲ್ಲಿ ಐತೆ ನಿಂಗೆ. ಕೆಲ್ಸ ಖಾಯಂ ಹೆಂಗಾಗ್ತದೋ ನೋಡ್ತೀನಿ!"

ಅಷ್ಟರಲ್ಲಿ ಎದುರಿನಿಂದ ಬೈರಣ್ಣ ಬಂದ. ಅವನೂ ಮೆಂಬರು. ಹೊಗೆಸೊಪ್ಪಿನ ಪೊಟ್ಟಣ ಬಿಚ್ಚಿ ಓದುತ್ತ, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ. "ಮಾರಕ್ಕ, ಇಲ್ಲಿ ಕೇಳು! 'ಕೊಂಡಪ್ಪನ ತಕ್ಕಡಿಯಲ್ಲಿ ಸಾಮಾನಿನ ಜೊತೆ ಅವನ ಹೆಬ್ಬೆರಳೂ ತೂಗುತ್ತದೆ. ಇಷ್ಟು ವರ್ಷದಲ್ಲಿ ನಾನು ಆ ಹೆಬ್ಬೆರಳನ್ನೇ ಒಂದು ಮಣ ಕೊಂಡಿದ್ದೇನೆ.'"

ಮಾರಕ್ಕನಿಗೂ ನಗು ಬಂತು, ತಡೆದುಕೊಂಡಳು. ಆಮೇಲೆ ದನಿ ತಗ್ಗಿಸಿ, "ಅದ್ಸರಿ ಬೈರಣ್ಣ, ನಿನ್ನ ಹಾಳೆ ಯಾರ ಮನೆಗೆ ಹೋಗೈತೆ?" ಎಂದು ಕೇಳಿದಳು. ಬೈರಣ್ಣನ ನಗು ಅಲ್ಲಿಗೆ ನಿಂತಿತು. ಇಬ್ಬರೂ ಮನೆ ಮನೆಯ ಪೊಟ್ಟಣ ಹುಡುಕಲು ಹೊರಟರು. ನರಸಿಂಹಯ್ಯ ಆ ಸಂದಿನಲ್ಲಿ ತಪ್ಪಿಸಿಕೊಂಡ. ಯಾರು ಏನಾದರೂ ಓದಿಕೊಳ್ಳಲಿ, ಚೇರ್ಮನ್ನರ ಎರಡು ಹಾಳೆ ಕೈಗೆ ಸಿಕ್ಕಿದರೆ ಬದುಕಿಕೊಂಡೆ ಎಂದುಕೊಂಡ.

ಚೇರ್ಮನ್ನರ ಹೆಂಡತಿ ರುಕ್ಮಿಣಮ್ಮ ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಕಾಫಿಪುಡಿಯ ಪೊಟ್ಟಣ ಇನ್ನೂ ದಾರ ಬಿಚ್ಚದೆ ಗೂಡಿನಲ್ಲಿ ಕೂತಿತ್ತು. ಅದನ್ನು ನೋಡಿ ನರಸಿಂಹಯ್ಯನಿಗೆ ಅಳುವೇ ಬಂತು.

"ಅಮ್ಮಾವ್ರೇ, ಆ ಪುಡಿ ಕಟ್ಟಿರೋ ಕಾಗ್ದಕ್ಕೆ ಸೀಮೆಎಣ್ಣೆ ಬಿದ್ದಿತ್ತಂತೆ. ಪುಡಿ ಡಬ್ಬಕ್ಕೆ ಸುರ್ಕೊಂಡು ಕಾಗ್ದ ನಂಗೆ ಕೊಟ್ಬಿಡಿ, ಆಚೆ ಬಿಸಾಕ್ತೀನಿ."

ರುಕ್ಮಿಣಮ್ಮ ಪೊಟ್ಟಣವನ್ನು ಮೂಗಿಗೆ ಹಿಡಿದರು. ಇಲ್ಲದ ವಾಸನೆ ಅವರಿಗೆ ಬಂದೇ ಬಂತು. "ಹೌದಲ್ಲಪ್ಪಾ! ಒಳ್ಳೇ ಟೈಮಿಗೆ ಬಂದೆ" ಎಂದು ಪುಡಿ ಸುರಿದುಕೊಂಡು ಹಾಳೆಗಳನ್ನು ಕೊಟ್ಟರು. ಅದೇ ಗಳಿಗೆಗೆ ಒಳಕೋಣೆಯಿಂದ ಕೆಮ್ಮು ಕೇಳಿಸಿತು, ಆದಿನಾರಾಯಣಪ್ಪನವರು ಬರುತ್ತಿದ್ದರು. ಜೇಬಿಗೆ ಹಾಕೋಣವೆಂದರೆ ಜೇಬಿನ ತುಂಬ ಸಾಸಿವೆ. ನರಸಿಂಹಯ್ಯ ಗೋಡೆಯ ಕಡೆ ತಿರುಗಿ ಎರಡೂ ಹಾಳೆಯನ್ನು ಮುದುರಿ ಬಾಯಿಗೆ ತುರುಕಿಕೊಂಡ.

"ಏನಯ್ಯಾ, ನಿನ್ನ ವಿಷಯಾನೇ ಇವತ್ತು ಮೊದಲ್ನೇದು. ಮಾಡ್ಬಿಡೋಣ ಖಾಯಂ. ಖುಷಿ ತಾನೇ?"

"ಮ್ಮ್."

"ಬಾಯಲ್ಲೇನಯ್ಯಾ?"

"ಹಲ್ಲು ನೋವಿರ್ಬೇಕು ಪಾಪ" ಎಂದರು ರುಕ್ಮಿಣಮ್ಮ. "ದವಡೆ ನೋಡಿ ಹೆಂಗೆ ಊದೈತೆ." ಒಳಗೆ ಹೋಗಿ ಬಿಸಿ ಉಪ್ಪುನೀರು ತಂದು ಎದುರಿಗೇ ನಿಂತರು. ಉಗುಳುವ ಹಾಗಿರಲಿಲ್ಲ. ನರಸಿಂಹಯ್ಯ ಕಾಫಿಪುಡಿಯ ಕಹಿ, ಶಾಯಿಯ ಒಗರು ಸಮೇತ ಚೇರ್ಮನ್ನರನ್ನು ಮೂರು ಗುಟುಕಿನಲ್ಲಿ ನುಂಗಿಬಿಟ್ಟ. ಗಂಟಲು ಉರಿದರೂ ಎದೆ ತಣ್ಣಗಾಯಿತು. ಗೆದ್ದೆ ಎಂದುಕೊಂಡು ಮನೆಗೆ ಹೋಗಿ ಒಂದು ಚೊಂಬು ಮಜ್ಜಿಗೆ ಕುಡಿದ. ಆ ಖುಷಿಯಲ್ಲಿ ಜೇಬಿನ ಸಾಸಿವೆ ಮರೆತೇಹೋಯಿತು.

ನಾಲ್ಕು ಗಂಟೆಗೆ ಸಭೆಗಿಂತ ಹೆಚ್ಚಾಗಿ ಸಂತೆ ಸೇರಿತ್ತು. ಪೊಟ್ಟಣ ಸಿಕ್ಕವರೆಲ್ಲ ಹಾಳೆಯ ಜೊತೆ ಬಂದಿದ್ದರು. ಮಾರಕ್ಕ ಎದ್ದು ನಿಂತು, "ಇವನನ್ನ ಖಾಯಂ ಮಾಡೋದಿರ್ಲಿ, ಮೊದ್ಲು ಮನೆಗೆ ಕಳ್ಸಿ" ಎಂದಳು. ಚೇರ್ಮನ್ನರು ಗಂಭೀರವಾಗಿ, "ಆಪಾದನೆ ಏನು ಅಂತ ಗೊತ್ತಾಗ್ಬೇಕಲ್ಲ. ಓದ್ರೀ" ಎಂದು ಕಾರ್ಯದರ್ಶಿಗೆ ಅಪ್ಪಣೆ ಮಾಡಿದರು.

ಕಾರ್ಯದರ್ಶಿ ಒಂದೊಂದೇ ಹಾಳೆ ಓದಿದ. 'ಸೊಣ್ಣಪ್ಪ ಕಸ ಗುಡಿಸುವುದಿಲ್ಲ, ಅದನ್ನು ಕೋಣೆಯೆಲ್ಲ ಸುತ್ತಾಡಿಸಿ ತಂದು ಮೊದಲಿದ್ದ ಜಾಗದಲ್ಲೇ ಕೂರಿಸುತ್ತಾನೆ.' ಸಭೆ ನಕ್ಕಿತು. 'ಬೈರಣ್ಣ ಪೇಪರನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಾನೆ. ಓದಿ ಮುಗಿಸಿ, ಏನಂತೆ ಸಮಾಚಾರ ಎಂದು ನನ್ನನ್ನೇ ಕೇಳುತ್ತಾನೆ.' ಸಭೆ ಇನ್ನೂ ನಕ್ಕಿತು. ತನ್ನ ಹಾಳೆ ಓದುವಾಗ ಕೆಂಪಾದವನು ಮುಂದಿನವನ ಹಾಳೆಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಚೇರ್ಮನ್ನರಂತೂ ಮೇಜು ಗುದ್ದಿ ಗುದ್ದಿ ನಕ್ಕರು.

ಹನ್ನೆರಡು ಹಾಳೆ ಮುಗಿಯುವ ಹೊತ್ತಿಗೆ ಊರಿನ ಸಿಟ್ಟು ಇಳಿದುಹೋಗಿತ್ತು. ಬೈರಣ್ಣನೇ ಎದ್ದು, "ಹೋಗ್ಲಿ ಬಿಡಿ ಚೇರ್ಮನ್ನರೇ. ಸುಳ್ಳೇನೂ ಬರ್ದಿಲ್ಲ. ನಮ್ಮನ್ನ ಇಷ್ಟು ಗಮನ ಇಟ್ಟು ನೋಡ್ದೋನು ಈ ಊರಲ್ಲಿ ಇನ್ಯಾವನಿದಾನೆ? ಮಾಡಿ ಖಾಯಂ" ಎಂದ.

"ಮಾಡಿ ಮಾಡಿ" ಎಂದಳು ಮಾರಕ್ಕ. "ನನ್ನ ಹಾಳೆ ಮಾತ್ರ ನಂಗೆ ವಾಪಸ್ ಕೊಡಿ. ನಮ್ಮ ತಂಗಿಗೆ ತೋರಿಸ್ಬೇಕು."

ನರಸಿಂಹಯ್ಯ ಕೈ ಮುಗಿದ. ಕಾರ್ಯದರ್ಶಿ ಠರಾವಿನ ಪುಸ್ತಕ ತೆಗೆದ.

"ಇರ್ರೀ" ಎಂದರು ಆದಿನಾರಾಯಣಪ್ಪನವರು. "ನಂದೆಲ್ಲಿ?"

ಕಾರ್ಯದರ್ಶಿ ಹಾಳೆಗಳನ್ನು ಮಗುಚಿ ನೋಡಿದ. ಇಲ್ಲ. ನರಸಿಂಹಯ್ಯನ ಉಬ್ಬಿದ ಜೇಬು ಯಾರಿಗೋ ಕಂಡಿತು. ಐದು ಪೊಟ್ಟಣ ಹೊರಬಿದ್ದವು, ಸಾಸಿವೆ ಮೇಜಿನ ಮೇಲೆಲ್ಲ ಉರುಳಿತು. ಒಂದೊಂದು ಹಾಳೆ ಬಿಚ್ಚಿದಾಗಲೂ ಚೇರ್ಮನ್ನರು ಕುತ್ತಿಗೆ ಉದ್ದ ಮಾಡಿ ನೋಡಿದರು. ಒಂದು ಹಿಟ್ಟಿನ ಗಿರಣಿಯವನ ಮೇಲೆ, ಒಂದು ಪೂಜಾರಿಯ ಮೇಲೆ, ಕೊನೆಯದು ಬಸ್ ಕಂಡಕ್ಟರನ ಮೇಲೆ.

"ಬಸ್ ಕಂಡಕ್ಟರು ಈ ಊರೋನೂ ಅಲ್ಲ" ಎಂದರು ಚೇರ್ಮನ್ನರು. "ಅವನಿಗೂ ಒಂದು ಹಾಳೆ. ಹನ್ನೊಂದು ವರ್ಷದಿಂದ ಈ ಕುರ್ಚಿ ಮೇಲೆ ಕೂತಿದೀನಿ. ನಾನೊಬ್ಬ ಇವನ ಲೆಕ್ಕಕ್ಕೇ ಇಲ್ಲ ಅಂದಂಗಾಯ್ತು."

"ಬರ್ದಿದ್ದೆ ಚೇರ್ಮನ್ನರೇ! ದೇವರಾಣೆ ಬರ್ದಿದ್ದೆ. ಎಲ್ರಿಗೂ ಒಂದೊಂದು, ನಿಮಗೆ ಎರಡು ಹಾಳೆ!"

ಚೇರ್ಮನ್ನರ ಮುಖ ತುಸು ಅರಳಿತು. "ಎರಡಾ? ಎಲ್ಲಿ?"

"ನುಂಗ್ಬಿಟ್ಟೆ."

ಸಭೆ ಗೊಳ್ಳೆಂದಿತು. "ಪಾಪ, ಚೇರ್ಮನ್ನರಿಗೆ ಬೇಜಾರಾಗ್ಬಾರ್ದು ಅಂತ ಹೇಳ್ತವ್ನೆ ಬಿಡಿ" ಎಂದಳು ಮಾರಕ್ಕ. ಆ ಕನಿಕರ ಚೇರ್ಮನ್ನರಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

"ಹಂಗಾದ್ರೆ ಬಾಯಲ್ಲೇ ಹೇಳು. ಏನ್ ಬರ್ದಿದ್ದೆ?"

ಬರೆದಿದ್ದೆಲ್ಲ ಅಕ್ಷರ ಬಿಡದೆ ನರಸಿಂಹಯ್ಯನ ನಾಲಿಗೆಯ ತುದಿಗೆ ಬಂತು. ಆದರೆ ಎದುರಿಗೇ ಕಪ್ಪು ಬಳಿದ ಆ ಮೀಸೆ ಕಂಡಿತು. ಬಂದದ್ದು ಹಾಗೇ ಒಳಗೆ ಹೋಯಿತು. "ನೀವು... ಧರ್ಮರಾಯನಂಥೋರು ಅಂತ ಬರ್ದಿದ್ದೆ ಸ್ವಾಮಿ."

"ನೋಡಿದ್ರಾ?" ಚೇರ್ಮನ್ನರು ಕುರ್ಚಿಯಿಂದಲೇ ಎದ್ದುಬಿಟ್ಟರು. "ಊರಿಗೆಲ್ಲಾ ನಿಜ ಬರ್ದು ನನಗೊಬ್ಬನಿಗೆ ಸುಳ್ಳು ಹೇಳ್ತಾನೆ! ಬರ್ಕೊಳ್ರೀ ಕಾರ್ಯದರ್ಶಿಗಳೇ."

ಕಾರ್ಯದರ್ಶಿ ಬರೆದುಕೊಂಡ: 'ನರಸಿಂಹಯ್ಯನ ಖಾಯಂ ವಿಚಾರ. ಸದರಿಯವರು ಮಾನ್ಯ ಅಧ್ಯಕ್ಷರ ಬಗ್ಗೆ ನಾಲ್ಕು ಹಾಳೆಗೆ ಕಡಿಮೆಯಿಲ್ಲದಂತೆ ಬರೆದು ಹಾಜರುಪಡಿಸಿದ ನಂತರ ಪರಿಶೀಲಿಸುವುದೆಂದು ತೀರ್ಮಾನಿಸಲಾಯಿತು.'

ಜನ ಚದುರಿದರು. ನರಸಿಂಹಯ್ಯ ಬಗ್ಗಿ ಸಾಸಿವೆ ಆರಿಸುತ್ತಿದ್ದಾಗ ಆದಿನಾರಾಯಣಪ್ಪನವರು ಹತ್ತಿರ ಬಂದು, ಸುತ್ತ ನೋಡಿ, ಮೆಲ್ಲಗೆ ಹೇಳಿದರು: "ಬೈರಣ್ಣನಿಗೆ ಎಷ್ಟು ಬೈದಿದೀಯೋ ಅದಕ್ಕಿಂತ ಒಂದು ಕೈ ಜಾಸ್ತಿನೇ ಇರ್ಲಿ ಕಣಯ್ಯಾ. ಓದಿದ್ರೆ ಜನ ಬಿದ್ದು ಬಿದ್ದು ನಗ್ಬೇಕು. ಆದ್ರೆ ನನಗೆ ಬೇಜಾರಾಗೋ ಹಂಗೆ ಒಂದಕ್ಷರ ಬರ್ದೆ ಅಂದ್ರೆ ಮಾರನೇ ದಿನದಿಂದ ಕೆಲ್ಸ ಇರಲ್ಲ ನೋಡು."