ಕಾಕಾನ ರುಮಾಲಿಗೆ ಬಣ್ಣ

ಹಳೆಯ ಕಪ್ಪು-ಬಿಳುಪು ಸಿನೆಮಾಗಳಿಗೆ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚುವ ಕಚೇರಿಯಲ್ಲಿ ಕಾರಕೂನನಾಗಿದ್ದವನ ಬಾಳಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಡೆಯುವಾಗ ಮೈ ಉರಿಯುತ್ತದೆ, ಮನೆಗೆ ಬಂದು ಹೇಳುವಾಗ ನಗು ಬರುತ್ತದೆ. ನಮ್ಮ ಕಚೇರಿ ಇದ್ದದ್ದು ಹಡಪಸರದಲ್ಲಿ, ಟೈರ್ ಅಂಗಡಿಯ ಮಾಳಿಗೆಯ ಮೇಲೆ. ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿತ್ತು. ಹಳೆಯ ಸಿನೆಮಾಕ್ಕೆ ಬಣ್ಣ ಹಚ್ಚಿದರೆ ಜನ ಮುಗಿಬೀಳುತ್ತಾರೆ ಎಂದು ಯಾರೋ ನಮ್ಮ ಸೇಠನ ಕಿವಿ ಊದಿದ್ದರು. ಅವನು ಹುಡುಕಿ ತಂದದ್ದು ಒಂದು ಭಕ್ತಿ ಸಿನೆಮಾ. ಹಗ್ಗ ಹೊಸೆಯುವ ಸಂತನೊಬ್ಬ, ಅವನ ವಿಧವೆ ತಾಯಿ, ಪಂಢರಪುರಕ್ಕೆ ಹಾಡುತ್ತ ನಡೆದುಹೋಗುವ ಭಕ್ತರ ದಿಂಡಿ, ಕಡೆಗೆ ಸಂತನ ಗುಡಿಸಲಿಗೇ ಬರುವ ವಿಠ್ಠಲ. ಇಷ್ಟೇ ಕಥೆ.

ಈ ಸಿನೆಮಾ ಬಂತೆಂದು ಸೇಠನಿಗಿಂತ ಹೆಚ್ಚು ಕುಣಿದವರು ಧನಕವಡಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ. ವಿಜಾಪುರ ಕಡೆಯಿಂದ ಹರೆಯದಲ್ಲೇ ಪುಣೆಗೆ ಬಂದು ಬಟ್ಟೆಯ ಗೋದಾಮಿನಲ್ಲಿ ದುಡಿದು ನಿವೃತ್ತರಾದವರು. ಆ ಹರೆಯದಲ್ಲಿ ಇದೇ ಸಿನೆಮಾದ ದಿಂಡಿಯಲ್ಲಿ, ಹಿಂದಿನ ಸಾಲಿನಲ್ಲಿ ತಾಳ ಹಿಡಿದು ನಿಂತಿದ್ದರಂತೆ. ಯಾವ ಮದುವೆಗೆ ಹೋದರೂ ಅದನ್ನು ಹೇಳದೆ ಊಟಕ್ಕೆ ಕೂತವರಲ್ಲ. ಟೀವಿಯಲ್ಲಿ ಸಿನೆಮಾ ಬಂದಾಗ ಓಣಿಯವರೆಲ್ಲ ಕಣ್ಣು ಕಿರಿದು ಮಾಡಿ ನೋಡಿದ್ದೆವು. ಕಂಡದ್ದು ಬರೀ ಮಬ್ಬು. ಹೀಗಾಗಿ ಅವರ ಹೆಂಡತಿ ಕಾಕುವನ್ನೂ ಸೇರಿಸಿ ಯಾರೂ ಅವರನ್ನು ನಂಬಿರಲಿಲ್ಲ.

"ಬಣ್ಣ ಹಚ್ಚಿದ್ರ ಕಾಣಸ್ತೀನಿ ನೋಡು," ಎಂದರು ಕಾಕಾ. "ಆವಾಗ ಎಲ್ಲಾರ ಬಾಯಿ ಬಂದ್ ಆಗ್ತಾವ."

ದೇವರು ಯಾವ ಬಣ್ಣ

ಮೊದಲ ತಕರಾರು ವಿಠ್ಠಲನದೇ. ಬಣ್ಣ ಹಚ್ಚುವ ತಂಡದ ಮುಖ್ಯಸ್ಥ ಬೆಂಗಳೂರಿನ ಇಂಜಿನಿಯರು. ಅವನಿಗೆ ಕಂಪ್ಯೂಟರು ಗೊತ್ತು, ಪಂಢರಪುರ ಗೊತ್ತಿಲ್ಲ. ಸೇಠ್ ನನ್ನನ್ನು ಕರೆದು, "ಈ ದೇವರು ನಿಮ್ಮ ಕರ್ನಾಟಕದಿಂದಲೇ ಬಂದವನು ಅಂತಾರಲ್ಲ, ನೀವೇ ಹೇಳಿ," ಎಂದ. ಕರಿ ಕಲ್ಲಿನ ದೇವರು, ಕಪ್ಪೇ ಇರಬೇಕು ಎಂದೆ. ಅರ್ಧ ಸಿನೆಮಾ ಹಾಗೇ ತಯಾರಾಯಿತು.

ಆಮೇಲೆ ಸೇಠನಿಗೆ ಜ್ಞಾನೋದಯವಾಯಿತು. "ಬಣ್ಣದ ಸಿನೆಮಾ ಅಂತ ಪೋಸ್ಟರ್ ಹಚ್ಚಿ ದೇವರನ್ನೇ ಕಪ್ಪಾಗಿ ತೋರಿಸೋದೇ? ನೀಲಿ ಮಾಡಿ!" ಉಳಿದರ್ಧ ನೀಲಿಯಾಯಿತು. ಮಾಡಿದ್ದನ್ನು ಮತ್ತೆ ಮಾಡಲು ಯಾರಿಗೂ ಕೈ ಬರಲಿಲ್ಲ. ಗುಡಿಯಲ್ಲಿ ಕಪ್ಪಗಿದ್ದ ದೇವರು ಸಂತನ ಗುಡಿಸಲಿಗೆ ಬರುವಷ್ಟರಲ್ಲಿ ನೀಲಿಯಾಗಿದ್ದ. ಅದನ್ನು ನೋಡಿದ ಸೇಠ್ ಕಿಡಿಕಿಡಿಯಾದ. ಬೆಂಗಳೂರಿನವನು ಮುಖದ ಗೆರೆ ಅಲುಗಿಸದೆ, "ಸರ್, ಗರ್ಭಗುಡಿಯಲ್ಲಿ ಲೈಟ್ ಕಮ್ಮಿ ಇರುತ್ತಲ್ವಾ, ಅದಕ್ಕೇ," ಎಂದ.

ಆ ವರ್ಷ ದಿನಾ ಗಂಟೆಗಟ್ಟಲೆ ಕರೆಂಟು ಹೋಗುತ್ತಿತ್ತು. ದೇವರಿಗೂ ಲೋಡ್‌ಶೆಡ್ಡಿಂಗ್ ತಪ್ಪಿಲ್ಲವೆಂದು ಸೇಠ್ ಸಮಾಧಾನಪಟ್ಟುಕೊಂಡ.

ತಾಯಿಯ ಸೀರೆ

ಸಂತನ ತಾಯಿ ಮೊದಲಿನಿಂದ ಕೊನೆಯವರೆಗೆ ಬಿಳಿ ಸೀರೆಯಲ್ಲಿರುತ್ತಾಳೆ. ವಿಧವೆ, ಇನ್ನೇನು ಉಡಬೇಕು? "ಈ ಮುದುಕಿಗೆ ಬಣ್ಣ ಹಚ್ಚುವುದು ಮರೆತಿರಾ?" ಎಂದು ಸೇಠ್ ರೇಗಿದ. ವಿಧವೆ ಎಂದು ನಾನು ತಿಳಿಸಿ ಹೇಳಿದೆ. "ವಿಧವೆ ಅಂತ ಬಿಳಿ ಬಿಟ್ಟರೆ ಬಣ್ಣ ಹಚ್ಚಿಲ್ಲ ಅಂತ ಜನ ಜಗಳಕ್ಕೆ ಬರ್ತಾರೆ. ಹಸಿರು ಹಚ್ಚಿ," ಎಂದ. ನಮ್ಮ ಕಡೆಯಾಗಲಿ ಪುಣೆಯಲ್ಲಾಗಲಿ ಹಸಿರು ಸೀರೆ ಮುತ್ತೈದೆಯರದು. ಆದರೆ ಸಂಬಳ ಕೊಡುವವನು ಅವನು, ಹಸಿರೆಂದೇ ಬರೆದುಕೊಂಡೆ.

ಕಚೇರಿಯಲ್ಲಿ ಮೊದಲ ಸಲ ತೋರಿಸಿದಾಗ ಸೇಠ್ ತನ್ನ ತಾಯಿಯನ್ನು ಕರೆತಂದಿದ್ದ. ಇಪ್ಪತ್ತರೊಳಗೇ ಗಂಡನನ್ನು ಕಳೆದುಕೊಂಡ ಮುದುಕಿ, ಮೈಮೇಲೆ ಮಾಸಲು ಬಿಳಿ ಸೀರೆ. ಪರದೆಯ ಮೇಲೆ ಸಂತನ ತಾಯಿ ಎಂದೋ ಸತ್ತ ಗಂಡನನ್ನು ನೆನೆದು ಹಸಿರು ಸೀರೆಯಲ್ಲಿ ಎದೆ ಬಡಿದುಕೊಂಡು ಅಳುತ್ತಿದ್ದಳು. ಮುದುಕಿ ಮಗನ ಕಡೆ ತಿರುಗಿ ಮರಾಠಿಯಲ್ಲಿ ಮೆಲ್ಲಗೆ ಕೇಳಿದಳು: "ವಿಧವೆಗೆ ಬಣ್ಣ ಉಡಿಸೋದು ಇಷ್ಟು ಸುಲಭ ಇತ್ತೇನೋ? ನಿನ್ನ ಕಂಪ್ಯೂಟರ್‌ನವರು ನನ್ನ ಕಾಲಕ್ಕೆ ಎಲ್ಲಿ ಸತ್ತಿದ್ದರು?"

ನಾವೆಲ್ಲ ನಕ್ಕೆವು. ಸೇಠ್ ನಗಲಿಲ್ಲ. ಸೀರೆಯನ್ನೂ ಬದಲಿಸಲಿಲ್ಲ.

ಹಿಂದಿನ ಸಾಲಿನವರು

ದಿಂಡಿಯ ದೃಶ್ಯ ಬಂದಾಗ ಸೇಠ್ ಹೊಸ ಹುಕುಂ ಹೊರಡಿಸಿದ. ಸಂತನಿಗೂ ಮುಂದಿನ ನಾಲ್ಕು ಮಂದಿಗೂ ಬಣ್ಣ ಹಚ್ಚಿದರೆ ಸಾಕು, ಹಿಂದಿನವರನ್ನು ಯಾರು ನೋಡುತ್ತಾರೆ, ಬೂದಿ ಬಣ್ಣದಲ್ಲೇ ಇರಲಿ ಎಂದ. ಎಡಗಡೆಯ ಕೊನೆಯಲ್ಲಿ ತಲೆಗೆ ರುಮಾಲು ಸುತ್ತಿ, ತಾಳ ಹಿಡಿದು ಬಾಯಿ ಅಗಲ ಮಾಡಿ ನಿಂತ ಹರೆಯದವನೊಬ್ಬ ಕಂಪ್ಯೂಟರಿನ ಪರದೆಯಲ್ಲಿ ನನ್ನ ಕಣ್ಣಿಗೆ ಬಿದ್ದ. ಅದೇ ಮೂಗು, ಅದೇ ಎದ್ದು ಕಾಣುವ ಹಲ್ಲು. ಕಾಕಾ ಸುಳ್ಳು ಹೇಳಿರಲಿಲ್ಲ. ನನ್ನ ಕಣ್ಣು ಒದ್ದೆಯಾಯಿತು.

ಅಷ್ಟರಲ್ಲಿ ಕಾಕಾನ ಗಂಟಲಿಗೆ ಕ್ಯಾನ್ಸರ್ ಹಿಡಿದಿತ್ತು. ಆಪರೇಷನ್ನಿನಲ್ಲಿ ಧ್ವನಿ ಹೋಯಿತು. ಆಸ್ಪತ್ರೆಗೆ ನೋಡಲು ಹೋದರೆ ಕಾಕು ಹೊರಗೆ ಬೆಂಚಿನ ಮೇಲೆ ಕೂತಿದ್ದರು. "ಮದಿವ್ಯಾದಾಗಿಂದ ಇವರ ಬಾಯಿ ಬಂದ್ ಆಗ್ಲಿ ಅಂತ ದೇವರಿಗೆ ಬೇಡಕೊಂಡಿದ್ದೆ," ಎಂದರು. "ಹಿಂಗ ಮಾಡಂತ ಅಂದಿದ್ದಿಲ್ಲಪಾ." ನಾನು ಒಳಗೆ ಹೋದೆ.

ಕಾಕಾ ನನ್ನನ್ನು ಕಂಡವರೇ ಎರಡೂ ಕೈಯಿಂದ ತಾಳ ಬಡಿದಂತೆ ಮಾಡಿದರು. ತಮ್ಮ ಎದೆ ಮುಟ್ಟಿಕೊಂಡರು. ಆಮೇಲೆ ಹಾಸಿಗೆಯ ಪಕ್ಕದಲ್ಲಿದ್ದ ಕಿತ್ತಳೆ ಹಣ್ಣು ತೋರಿಸಿದರು.

"ಬಣ್ಣ ಹಚ್ಚಿದ್ರೇನು ಅಂತ ಕೇಳ್ಲಿಕತ್ತಾರ," ಎಂದರು ಕಾಕು.

"ನಿಮ್ಮನ್ನ ನೋಡಿದೆ ಕಾಕಾ, ನೀವು ಹೇಳಿದ್ದು ಖರೇ ಅದ," ಎಂದೆ. ಮುಖ ಅರಳಿತು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. "ಆದ್ರ ಹಿಂದಿನ ಸಾಲಿಗೆ ಬಣ್ಣ ಬ್ಯಾಡ ಅಂದಾನ್ರಿ ಸೇಠ್," ಎಂದೂ ಹೇಳಿಬಿಟ್ಟೆ. ಕಾಕಾ ಗೋಡೆಯ ಕಡೆ ಹೊರಳಿದರು.

ಹೊರಗೆ ಬಂದ ಕೂಡಲೇ ಕಾಕು ನನ್ನನ್ನು ತರಾಟೆಗೆ ತೆಗೆದುಕೊಂಡರು. "ಒಂದು ಸುಳ್ಳು ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತೋ? ಡಾಕ್ಟರ್ ದಿನಾ ಹೇಳ್ಲಿಕತ್ತಾನ, ಆರಾಮ ಆಗ್ತದ ಅಂತ. ಅವನ್ನ ನೋಡಿ ಕಲೀ!"

ಆ ವಾರವೇ ಕಾಕಾ ತೀರಿಕೊಂಡರು.

ಕಾಗೆ

ಹತ್ತನೆಯ ದಿನ ನದಿಯ ಘಾಟಿನಲ್ಲಿ ಪಿಂಡ ಇಟ್ಟೆವು. ಕಾಗೆ ಮುಟ್ಟಿದರೆ ಸತ್ತವರಿಗೆ ತೃಪ್ತಿ, ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಆಗ ಮನೆಯವರು ಒಬ್ಬೊಬ್ಬರಾಗಿ ಮಾತು ಕೊಡಬೇಕು. ಘಾಟಿನಲ್ಲಿ ಪಕ್ಕದಲ್ಲೇ ಕೂತಿದ್ದ ಇನ್ನೊಂದು ಮನೆತನದವರ ಪಿಂಡವನ್ನು ಕಾಗೆಗಳು ಇಟ್ಟ ಕೂಡಲೇ ಮುಗಿಸಿದವು. ನಮ್ಮದರ ಕಡೆ ಹೊರಳಿಯೂ ನೋಡಲಿಲ್ಲ.

ಕಾಕಾನ ಮಗ ರಾಂಜಣಗಾಂವದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮಧ್ಯಾಹ್ನದ ಪಾಳಿಗೆ ಹೋಗಬೇಕೆಂದು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದ. "ಅಪ್ಪಾ, ಅವ್ವನ್ನ ಚಲೋ ನೋಡ್ಕೋತೀನಿ," ಎಂದ. ಕಾಗೆ ಬರಲಿಲ್ಲ. "ತಂಗಿ ಬಾಣಂತನ ನಾನ ಮಾಡಸ್ತೀನಿ," ಎಂದ. ಬರಲಿಲ್ಲ. "ಸಿಗರೇಟ್ ಬಿಡ್ತೀನಿ," ಎಂದ. ಮರದ ಮೇಲಿದ್ದ ಒಂದು ಕಾಗೆಯೂ ಹಾರಿಹೋಯಿತು.

ಬಿಸಿಲು ಏರಿತು. ಪುರೋಹಿತರು ದರ್ಭೆಯಿಂದ ಕಾಗೆ ಮಾಡಿ ಮುಟ್ಟಿಸಿ ಮುಗಿಸೋಣ ಎಂದರು. ಮನೆಯಲ್ಲೇ ಉಳಿಯದೆ ಹಟ ಹಿಡಿದು ಬಂದಿದ್ದ ಕಾಕು ದೂರದ ಮೆಟ್ಟಿಲಿನಿಂದ ಕೂಗಿದರು. "ಬ್ಯಾಡ್ರಿ ಆಚಾರ್ರ! ನಮ್ಮ ಚಿಂತಿ ಇದ್ರಷ್ಟ ಅಲ್ಲೇನ್ರಿ, ನಮ್ಮ ಮಾತಿಗೆ ಅವರು ಬರೂದು? ಆ ಬಣ್ಣದ ಆಫೀಸಿನಾಂವನ್ನ ಮುಂದ ಕಳಸ್ರಿ!"

ಎಲ್ಲರೂ ನನ್ನನ್ನು ನೋಡಿದರು. ನಾಚಿಕೆ ಬಿಟ್ಟು ಮುಂದೆ ಹೋಗಿ ಕೈ ಜೋಡಿಸಿದೆ. "ಕಾಕಾ, ನಿಮಗ ಬಣ್ಣ ಹಚ್ಚತೀನ್ರಿ."

ಎಲ್ಲಿಂದಲೋ ಒಂದು ಮುದಿ ಕಾಗೆ ಬಂದು ಕಟ್ಟೆಯ ಮೇಲೆ ಕೂತಿತು. ಎರಡು ಹೆಜ್ಜೆ ಕುಪ್ಪಳಿಸಿ, ಅಲ್ಲೇ ನಿಂತು ಕತ್ತು ಓರೆ ಮಾಡಿ ನನ್ನನ್ನೇ ನೋಡಿತು.

"ಬರೇ ಬಣ್ಣ ಅಂದ್ರ ಹ್ಯಾಂಗ?" ಎಂದು ಕಾಕು ಹಿಂದಿನಿಂದ ಗದರಿದರು. "ಯಾವ ಬಣ್ಣ ಅಂತ ಬಿಚ್ಚಿ ಹೇಳು! ಅವರು ಮೊದಲಿಂದ ಸಂಶೇದ ಮನಿಷ್ಯಾ!"

"ಕೇಸರಿ ರುಮಾಲು ಕಾಕಾ!" ಎಂದೆ. ಕಾಗೆ ಪಿಂಡಕ್ಕೆ ಬಾಯಿ ಹಾಕಿತು. ಮಗ ಪಾಳಿಗೆ ಓಡಿದ.

ಬೆಳಗಿನ ಆಟ

ಕಾಗೆಗೆ ಕೊಟ್ಟ ಮಾತು ಎಂದು ಬೆಂಗಳೂರಿನವನಿಗೆ ವಿವರಿಸುವುದು ಸುಲಭವಾಗಿರಲಿಲ್ಲ. ಅವನು ತಲೆ ಕೆರೆದುಕೊಂಡು, "ಎಲ್ಲರಿಗೂ ಹಚ್ಚೋಕಾಗಲ್ಲ ಸರ್. ಸೇಠ್‌ಗೆ ಗೊತ್ತಾದ್ರೆ ಇಬ್ರೂ ಮನೆಗೆ. ಒಬ್ರಿಗೆ ಅಂದ್ರೆ ಊಟದ ಟೈಮಲ್ಲಿ ಮಾಡ್ತೀನಿ," ಎಂದ. ಒಳ್ಳೆಯ ಮನುಷ್ಯ, ಊಟ ಬಿಟ್ಟು ಕೂತು ಕೇಸರಿ ರುಮಾಲು ಮಾಡಿದ. ಕೈಗೆ ಹಿತ್ತಾಳೆಯ ತಾಳ ಕೊಟ್ಟ, ಮುಖಕ್ಕೆ ಜೀವದ ಬಣ್ಣ ಹಚ್ಚಿದ. ಸುತ್ತಲಿದ್ದವರು ಬೂದಿಯಲ್ಲೇ ಉಳಿದರು.

ಪೇಟೆಯ ಹಳೆಯ ಟಾಕೀಜಿನಲ್ಲಿ ಸಿನೆಮಾ ಬೆಳಗಿನ ಆಟಕ್ಕೆ ಬಂತು. ಕಾಕುವನ್ನು ಕರೆದುಕೊಂಡು ಹೋದೆ. ಬಂದವರು ಹೆಚ್ಚಿನಂಶ ಮುದುಕರು, ಭಜನೆಯ ಮಂಡಳಿಯ ಹೆಂಗಸರು. ಹಣೆಗೆ ಏನೂ ಇಲ್ಲದ ಕಾಕು ಸೆರಗು ಹೊದ್ದು ಮುದುಡಿಕೊಂಡು ಕೂತಿದ್ದರು.

ದಿಂಡಿ ಬಂತು. ಮುಂದೆ ಸಂತ ಮತ್ತು ಬಣ್ಣದ ನಾಲ್ಕು ಮಂದಿ, ಅವರ ಹಿಂದೆ ಬೂದಿ ಬಣ್ಣದ ಜನಸಾಗರ. ಅದರ ಎಡಗಡೆಯ ಕೊನೆಯಲ್ಲಿ ಕೇಸರಿ ರುಮಾಲಿನವನೊಬ್ಬ ಝಗ್ಗನೆ ಹೊಳೆದ. ನಾನು ಕಾಕುವಿನ ಕೈ ಹಿಡಿದು ತೋರಿಸಬೇಕೆನ್ನುವಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಂಗಸು ಚೀರಿದಳು: "ಪಾಂಡುರಂಗ! ಪಾಂಡುರಂಗ ಆಲಾ!"

ಇಂಥ ಸಿನೆಮಾಗಳಲ್ಲಿ ದೇವರು ವೇಷ ಮರೆಸಿಕೊಂಡು ಗುಂಪಿನಲ್ಲಿ ಬರುವುದು ಅವರಿಗೆಲ್ಲ ಗೊತ್ತಿದ್ದದ್ದೇ. ಇಷ್ಟು ಜನರಲ್ಲಿ ಒಬ್ಬನೇ ಹೊಳೆದರೆ ಇನ್ಯಾರು? ಮುದುಕರು ಎದ್ದು ನಿಂತರು. ಚಪ್ಪಲಿ ಕಳಚಿದರು. ಯಾರೋ ಪರದೆಯ ಕಡೆಗೆ ತುಳಸಿ ಎಸೆದರು. ಇಡೀ ಟಾಕೀಜು ಬಟ್ಟೆ ಗೋದಾಮಿನ ನಮ್ಮ ಕಾಕಾನಿಗೆ ಕೈ ಮುಗಿದು ನಿಂತಿತು.

ಕಾಕು ಬಿಟ್ಟ ಕಣ್ಣಿನಿಂದ ಗಂಡನನ್ನು ನೋಡಿದರು. ಕೂತಲ್ಲೇ ಅಳು ಒತ್ತರಿಸಿ ಬಂತು. ಸುತ್ತ ನಿಂತವರನ್ನು ಒಮ್ಮೆ ನೋಡಿ ತಾವೂ ಎದ್ದು ಕೈ ಜೋಡಿಸಿದರು. ಆಮೇಲೆ ಮುಗಿದ ಕೈಯಲ್ಲೇ ನನ್ನ ಕಡೆ ಬಾಗಿ, ಖರೇ ಗಾಬರಿಯಿಂದ ಕೇಳಿದರು:

"ಇಷ್ಟ ಮಂದಿ ಕೈ ಮುಗದ ಮ್ಯಾಲೆ, ಮುಂದಿನ ಜನ್ಮದಾಗ ಇವರು ನನ್ನ ಮಾತು ಕೇಳ್ತಾರೇನಪಾ?"